ಕೇಳಿಸಿದ್ದನ್ನಷ್ಟೇ ಸ್ಪಾಟ್ ಮಾಡಿ

ದೂರದ ದ್ವೀಪವೊಂದರ ಹ್ಯಾಮ್ (ಹವ್ಯಾಸಿ ರೇಡಿಯೊ) ಸಿಗ್ನಲ್ ಯಾರಾದರೊಬ್ಬರ ಕಿವಿಗೆ ಬಿದ್ದರೆ ಸಾಕು, ಕಾಲ್‌ಸೈನ್, ಫ್ರೀಕ್ವೆನ್ಸಿ, ಹೊತ್ತು ಮೂರನ್ನೂ ಬರೆದು ಜಾಲಕ್ಕೆ ಹಾಕುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಆ ಸಾಲು ಜಗತ್ತಿನಾದ್ಯಂತ ಹ್ಯಾಮ್‌ಗಳ ಪರದೆ ಮೇಲೆ ಮೂಡುತ್ತದೆ. ಆ ಸಾಲು ಸ್ಪಾಟ್, ಆ ಜಾಲ ಡಿಎಕ್ಸ್ (ದೂರದ ಸಂಪರ್ಕ) ಕ್ಲಸ್ಟರ್. 1980ರ ದಶಕದ ಕೊನೆಗೆ ಪ್ಯಾಕೆಟ್ ರೇಡಿಯೊ ಮೇಲೆ ಶುರುವಾದದ್ದು, ಈಗ ಇಂಟರ್‌ನೆಟ್ ಮೇಲಿದೆ. ಬೆಂಗಳೂರಿನಲ್ಲಿ ಕೂತು ಅದನ್ನು ಬಳಸುತ್ತಾ ಕಲಿತದ್ದು ಇಷ್ಟು.

1. ಸ್ಪಾಟ್ ಹಾಕಿದವರು ಎಲ್ಲಿಯವರು ಎಂದು ಮೊದಲು ನೋಡಿ. ಜರ್ಮನಿಯಲ್ಲಿ ಗಟ್ಟಿಯಾಗಿ ಕೇಳುವ ಕೆರಿಬಿಯನ್ ಸ್ಟೇಷನ್ನಿನ ಸುಳಿವೂ ನಮಗೆ ಸಿಗದಿರಬಹುದು. ಅಯಾನುಗೋಲ ಅವರಿಗೆ ತೆರೆದ ದಾರಿ ನಮಗೂ ತೆರೆದಿರಬೇಕೆಂದಿಲ್ಲ. ಕೇರಳದವರೋ ಶ್ರೀಲಂಕಾದವರೋ ಹಾಕಿದ ಸ್ಪಾಟ್ ಕಂಡರೆ ಮಾತ್ರ ನಾನು ತಕ್ಷಣ ರಿಗ್ ಕಡೆ ತಿರುಗುತ್ತೇನೆ. ಹೊತ್ತು ಯುಟಿಸಿಯಲ್ಲಿರುತ್ತದೆ, 1300 ಅಂದರೆ ನಮ್ಮ ಸಂಜೆ ಆರೂವರೆ.

2. ಕಾಲ್‌ಸೈನ್ ಪೂರ್ತಿ ಕೇಳದೆ ಸ್ಪಾಟ್ ಮಾಡಬೇಡಿ, ಲಾಗ್ ಕೂಡ ಮಾಡಬೇಡಿ. ಇದರಲ್ಲಿ ನಾನು ತೀರಾ ಹಟಮಾರಿ. ಮೋರ್ಸ್‌ನಲ್ಲಿ 3 ಎಂದರೆ ಮೂರು ಚುಕ್ಕೆ, ಎರಡು ಗೆರೆ. 4 ಎಂದರೆ ನಾಲ್ಕು ಚುಕ್ಕೆ, ಒಂದು ಗೆರೆ. ಸಿಗ್ನಲ್ ಕ್ಷಣಕಾಲ ಮಸುಕಾದರೆ ನಮ್ಮ ಪಕ್ಕದೂರಿನ ವಿಯು3, ಅಂಡಮಾನಿನ ವಿಯು4 ಆಗಿಬಿಡುತ್ತದೆ. ಆ ಒಂದು ಸಾಲನ್ನು ನಂಬಿ ಊರೂರಿನವರು ಮುಗಿಬೀಳುತ್ತಾರೆ. ಪರದೆಯಲ್ಲಿ ಕಂಡ ಹೆಸರನ್ನೇ ಲಾಗ್‌ಗೆ ಬರೆದುಕೊಂಡವರಿಗೆ ಕೊನೆಗೆ ಸಂಪರ್ಕ ಖಚಿತಪಡಿಸುವ ಕ್ಯುಎಸ್‌ಎಲ್ ಕಾರ್ಡೂ ಬರುವುದಿಲ್ಲ.

3. ಸ್ಪಾಟ್‌ನ ಟಿಪ್ಪಣಿಯಲ್ಲಿ ‘ಅಪ್ 5’ ಎಂದಿದ್ದರೆ ಅದನ್ನು ಪಾಲಿಸಿ. ಅಪರೂಪದ ಸ್ಟೇಷನ್ 14.195 ಮೆಗಾಹರ್ಟ್ಸ್‌ನಲ್ಲಿ ಮಾತಾಡುತ್ತಾ ಐದು ಕಿಲೋಹರ್ಟ್ಸ್ ಮೇಲೆ ಕಿವಿಗೊಟ್ಟಿರುತ್ತದೆ. ಸ್ಪಾಟ್ ಬಂದೊಡನೆ 14.195ರಲ್ಲೇ ಕೂಗಿದರೆ ಅವರ ದನಿ ಯಾರಿಗೂ ಕೇಳದಂತಾಗುತ್ತದೆ. ನೀವೇ ಸ್ಪಾಟ್ ಹಾಕುವಾಗ ಈ ಅಂತರ, ಅಂದರೆ ಸ್ಪ್ಲಿಟ್, ಎಷ್ಟೆಂದು ಸೇರಿಸಿ. ಟಿಪ್ಪಣಿಗೆ ಅದಕ್ಕಿಂತ ಒಳ್ಳೆಯ ಬಳಕೆ ಇಲ್ಲ.

4. ಸ್ಪಾಟ್ ಬಂತೆಂದು ಕರೆಯಲೇಬೇಕೆಂದಿಲ್ಲ. 2004ರ ಡಿಸೆಂಬರ್‌ನಲ್ಲಿ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಿಂದ ವಿಯು4ಆರ್‌ಬಿಐ ಕಾಲ್‌ಸೈನಿನಲ್ಲಿ ಪ್ರಸಾರ ಮಾಡುತ್ತಿತ್ತು. ವರ್ಷಗಟ್ಟಲೆ ಮೌನವಾಗಿದ್ದ ಅಂಡಮಾನ್ ಅದು. ಇಡೀ ಡಿಎಕ್ಸ್ ಲೋಕ ಅದಕ್ಕಾಗಿ ಕಾದಿತ್ತು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ತಂಡ ಡಿಎಕ್ಸ್ ಬಿಟ್ಟು, ದ್ವೀಪದವರ ಕ್ಷೇಮ ಸಮಾಚಾರವನ್ನು ಮೈನ್‌ಲ್ಯಾಂಡಿಗೆ ದಾಟಿಸಲು ನಿಂತಿತು. ಅಂಥ ಫ್ರೀಕ್ವೆನ್ಸಿಯಲ್ಲಿ ಲಾಗ್‌ಗೆ ಹೊಸ ದೇಶ ಸೇರಿಸಲೆಂದು ಬಾಯಿ ತೆರೆಯುವುದು ಎಂದೂ ಸಲ್ಲದು. ಅದನ್ನು ಸ್ಪಾಟ್ ಮಾಡುವುದಾದರೆ ‘ತುರ್ತು ಸಂದೇಶ, ಕರೆಯಬೇಡಿ’ ಎಂದೇ ಬರೆಯಬೇಕು.

5. ಯಂತ್ರದ ಕಿವಿಯನ್ನು ಆಂಟೆನಾ ಪರೀಕ್ಷೆಗೆ ಬಳಸಿ. 2008ರಿಂದ ರಿವರ್ಸ್ ಬೀಕನ್ ನೆಟ್‌ವರ್ಕ್ ಇದೆ. ಅಲ್ಲಲ್ಲಿ ಹ್ಯಾಮ್‌ಗಳು ಇಟ್ಟ ಸ್ಕಿಮ್ಮರ್‌ಗಳು ಇಡೀ ಬ್ಯಾಂಡಿನ ಮೋರ್ಸನ್ನು ತಾವೇ ಓದಿ, ಸಿಗ್ನಲ್ ಗದ್ದಲಕ್ಕಿಂತ ಎಷ್ಟು ಡೆಸಿಬಲ್ ಮೇಲಿತ್ತು ಎಂದು ವರದಿ ಮಾಡುತ್ತವೆ. ‘ಸಿಕ್ಯು’ (ಯಾರಾದರೂ ಉತ್ತರಿಸಿ ಎಂಬ ಕರೆ) ಕಳಿಸಿ, ಕಾಲ್‌ಸೈನನ್ನು ಬಿಡಿಬಿಡಿಯಾಗಿ ಎರಡು ಸಲ ಕಳಿಸಿ, ಪರದೆ ನೋಡಿ. ಮೋರ್ಸ್ ಬಾರದವರಿಗೆ ಎಫ್‌ಟಿ8 ಎಂಬ ಡಿಜಿಟಲ್ ವಿಧಾನ ಮತ್ತು ಪಿಎಸ್‌ಕೆ ರಿಪೋರ್ಟರ್ ನಕ್ಷೆ ಇದೇ ಕೆಲಸ ಮಾಡಿಕೊಡುತ್ತವೆ. ಡೈಪೋಲ್ ಮತ್ತು ವರ್ಟಿಕಲ್ ಆಂಟೆನಾಗಳನ್ನು ಹೋಲಿಸುವುದಾದರೆ ಬೆನ್ನುಬೆನ್ನಿಗೆ ಕರೆಯಿರಿ, ಅಷ್ಟರಲ್ಲಿ ಬ್ಯಾಂಡ್ ಬದಲಾಗಬಾರದು. ಎರಡನೇ ಸಲ ಒಂದೆರಡು ಕಿಲೋಹರ್ಟ್ಸ್ ಸರಿದು ಕರೆಯಿರಿ. ಒಂದೇ ಜಾಗದಲ್ಲಿ ಮತ್ತೆ ಕೇಳಿದ ಕಾಲ್‌ಸೈನನ್ನು ಸ್ಕಿಮ್ಮರ್ ಸ್ವಲ್ಪ ಹೊತ್ತು ಹೊಸದಾಗಿ ವರದಿ ಮಾಡುವುದಿಲ್ಲ.