ಅಪ್ಪನ ಲೈಸೆನ್ಸ್ ನವೀಕರಣ: ಫಾರಂ 1-ಎ ಕೇಳದ ಪ್ರಶ್ನೆ

ಕಾರು ಓಡಿಸಲು ನಮ್ಮ ದೇಶದಲ್ಲಿ ಗರಿಷ್ಠ ವಯಸ್ಸು ಎಂಬುದಿಲ್ಲ. ಎಂಬತ್ತು ದಾಟಿದವರೂ ಲೈಸೆನ್ಸ್ ನವೀಕರಿಸಿಕೊಳ್ಳಬಹುದು. ‘ನಿಮಗೆ ವಯಸ್ಸಾಯಿತು ಯಜಮಾನರೇ’ ಎಂದು ಆರ್‌ಟಿಒ ಕೌಂಟರಿನಲ್ಲಿ ಯಾರಾದರೂ ಬಾಯಿಮಾತಿನಲ್ಲಿ ವಾಪಸ್ ಕಳಿಸಿದರೆ ಅದಕ್ಕೆ ಕಾನೂನಿನ ಬಲವಿಲ್ಲ.

ವಯಸ್ಸನ್ನು ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅವಧಿ ಕಡಿಮೆ ಮಾಡುವ ಮೂಲಕ. 1988ರ ಮೋಟಾರು ವಾಹನ ಕಾಯ್ದೆಯ 14ನೇ ಕಲಂಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, 55 ದಾಟಿದವರಿಗೆ ಸ್ವಂತ ವಾಹನದ ಲೈಸೆನ್ಸ್ ಸಿಗುವುದು ಐದೈದು ವರ್ಷಕ್ಕೆ ಮಾತ್ರ. ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ಕಳೆದರೆ ಮತ್ತೆ ಡ್ರೈವಿಂಗ್ ಟೆಸ್ಟ್. ಹಿಂದೆ ಇದ್ದ ಮೂವತ್ತು ದಿನಗಳ ವಿನಾಯಿತಿ ಈಗಿಲ್ಲ, ಅವಧಿ ಮುಗಿದ ಮರುದಿನವೇ ಸ್ಟಿಯರಿಂಗ್ ಹಿಡಿದರೂ ಅಪರಾಧ.

ನಲವತ್ತು ತುಂಬಿದವರು ನವೀಕರಣಕ್ಕೆ ವೈದ್ಯರ ಪ್ರಮಾಣಪತ್ರ, ಅಂದರೆ ಫಾರಂ 1-ಎ ಕೊಡಬೇಕು. ಅದರಲ್ಲಿ ವೈದ್ಯರು ನೋಡಬೇಕಾದದ್ದು ದೂರದೃಷ್ಟಿ, ಕಿವಿ, ಕೈಕಾಲು, ಕೀಲುಗಳು. ನೆನಪು, ಗಮನ, ನಿರ್ಧಾರದ ವೇಗ ಇವುಗಳಿಗೆ ಪ್ರತ್ಯೇಕ ಪರೀಕ್ಷೆಯಿಲ್ಲ. ಜಪಾನಿನಲ್ಲಿ 75 ದಾಟಿದವರಿಗೆ ನವೀಕರಣದ ವೇಳೆ ಇಂಥ ಪರೀಕ್ಷೆ 2009ರಿಂದಲೇ ಇದೆ. ನಮ್ಮಲ್ಲಿ ಕೆಲವರು ಆ ಫಾರಂ ಅನ್ನು ಸಹಿ ಮಾತ್ರ ಬೇಕಾದ ಕಾಗದ ಎಂದುಕೊಂಡಿದ್ದಾರೆ. ನನಗೆ ಬೇಸರ ತರುವುದು ಇದೇ.

ಯಾಕೆಂದರೆ ಅಪಾಯ ಇರುವುದು ಕಣ್ಣಿನಲ್ಲಷ್ಟೇ ಅಲ್ಲ. ಸಿಗ್ನಲ್ ಇಲ್ಲದ ಸರ್ಕಲ್‌ನಲ್ಲಿ ಬಲಕ್ಕೆ ತಿರುಗುವುದನ್ನೇ ನೋಡಿ. ಎದುರಿನ ಬಸ್ಸಿನ ವೇಗ ಅಂದಾಜಿಸಬೇಕು, ಎಡದಿಂದ ನುಗ್ಗುವ ಬೈಕನ್ನೂ ರಸ್ತೆ ದಾಟುವ ಹುಡುಗನನ್ನೂ ಒಟ್ಟಿಗೆ ಗಮನಿಸಬೇಕು, ನಿಲ್ಲಬೇಕೋ ಹೋಗಬೇಕೋ ಎಂದು ತಟ್ಟನೆ ತೀರ್ಮಾನಿಸಬೇಕು. ವಯಸ್ಸಾದಂತೆ ನಿಧಾನವಾಗುವುದು ಈ ಒಟ್ಟಿಗೆ ಗಮನಿಸುವ ಶಕ್ತಿ. ಗೇರು ಬದಲಿಸುವ ಕೈ ಮಾತ್ರ ಹಾಗೇ ಇರುತ್ತದೆ, ನಲವತ್ತು ವರ್ಷದ ಅಭ್ಯಾಸವಲ್ಲವೇ! ಹಾಗಾಗಿ ಅಪ್ಪನಿಗೆ ತನ್ನಲ್ಲೇನೂ ಬದಲಾದಂತೆ ಅನಿಸುವುದಿಲ್ಲ. ಕೆಲವರಲ್ಲಿ ಬದಲಾವಣೆ ಈ ನಿಧಾನವಷ್ಟೇ, ಅಂಥವರು ಹಗಲಲ್ಲಿ, ಗೊತ್ತಿರುವ ರಸ್ತೆಯಲ್ಲಿ ಆರಾಮವಾಗಿ ಓಡಿಸುತ್ತಾರೆ. ಆದರೆ ಗೊತ್ತಿದ್ದ ಬೀದಿಯಲ್ಲೇ ದಾರಿ ತಪ್ಪುವುದು, ಬ್ರೇಕ್-ಆಕ್ಸಿಲರೇಟರ್ ಅದಲುಬದಲಾಗುವುದು, ಬಂಪರಿನಲ್ಲಿ ಕಾರಣ ಗೊತ್ತಿಲ್ಲದ ಗೀರುಗಳು ಕಂಡರೆ ಮರೆವಿನ ಕಾಯಿಲೆಯ ತಪಾಸಣೆ ಮಾಡಿಸಬೇಕು. ಫಾರಂಗೆ ಸಹಿ ಕೇಳುವ ದಿನವೇ ಇದನ್ನೆಲ್ಲ ವೈದ್ಯರಿಗೆ ಮಕ್ಕಳೇ ಹೇಳಲಿ. ನಿದ್ದೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು.

ಇನ್ನು ಓಡಿಸಬೇಡಿ ಎಂದು ಹೇಳಿದರೂ ಅಪ್ಪ ಕೀಲಿ ಕೊಡದಿದ್ದರೆ? ಕಾಯಿಲೆಯಿಂದ ಚಾಲಕ ಅಸಮರ್ಥನಾಗಿದ್ದಾನೆಂದು ನಂಬಲು ಸಕಾರಣವಿದ್ದರೆ, 16ನೇ ಕಲಂನಡಿ ಲೈಸೆನ್ಸ್ ಪ್ರಾಧಿಕಾರ ಯಾವಾಗ ಬೇಕಾದರೂ ವೈದ್ಯಕೀಯ ಪ್ರಮಾಣಪತ್ರ ಕೇಳಬಹುದು, ಲೈಸೆನ್ಸ್ ರದ್ದೂ ಮಾಡಬಹುದು. ಮನೆಯವರು ವಿಷಯವನ್ನು ಬರಹದಲ್ಲಿ ತಿಳಿಸಬಹುದು, ತೀರ್ಮಾನ ಅಧಿಕಾರಿಯದು. ಅಸ್ವಸ್ಥತೆ ಗೊತ್ತಿದ್ದೂ ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದವರಿಗೆ 186ನೇ ಕಲಂ ಮೊದಲ ಸಲ 1000 ರೂಪಾಯಿವರೆಗೆ ದಂಡ ಹೇಳುತ್ತದೆ.

ಅಪ್ಪನಿಗೂ ಹಕ್ಕಿದೆ. ನವೀಕರಣ ನಿರಾಕರಿಸಿದರೆ ಅಥವಾ ರದ್ದು ಮಾಡಿದರೆ ಕಾರಣಗಳನ್ನು ಬರೆದ ಆದೇಶ ಅವರ ಕೈಸೇರಬೇಕು. ಆದೇಶ ತಲುಪಿದ 30 ದಿನಗಳೊಳಗೆ 17ನೇ ಕಲಂನಡಿ ಮೇಲ್ಮನವಿ ಸಲ್ಲಿಸಬಹುದು. ಆದರೆ ರದ್ದಾದ ಲೈಸೆನ್ಸನ್ನು ಮೊದಲು ಕಚೇರಿಗೆ ಒಪ್ಪಿಸಬೇಕು. ಮೇಲ್ಮನವಿ ತೀರ್ಮಾನವಾಗುವವರೆಗೆ ಆಟೊ, ಬಸ್ಸು, ಇಲ್ಲವೇ ಮಗಳ ಸ್ಕೂಟರಿನ ಹಿಂಬದಿ ಸೀಟು.