ಸುಮ್ಮನೆ ಕೂಡಲು ಬರುವ ಗೆಳೆಯ

ಕೊಪ್ಪಳ ಸೀಮೆಯ ಗಿಣಿಗೇರಾ, ಅಲ್ಲಾನಗರ, ಹಿರೇಬಗನಾಳ ಸುತ್ತಮುತ್ತಲ ಕಾರ್ಖಾನೆಗಳಲ್ಲಿ ಪಾಳಿ ಮಾಡುವವರಿಗೆ ಟಿಕೆಟ್ ಮಾಡಿಕೊಡುವುದು ನನ್ನ ದಂಧೆ. ಮೊದಲು ತಿರುಪತಿ, ಶಿರಡಿ, ಮಂತ್ರಾಲಯ ಇಷ್ಟೇ ಇತ್ತು. ಈಗ ದೀಪಾವಳಿ ಬೋನಸ್ ಕೈಗೆ ಬಂತೆಂದರೆ "ಅಂಡಮಾನಿಗೆ ಎಷ್ಟಾಕ್ಕೈತಣ್ಣ?" ಎನ್ನುವವರು ಬರುತ್ತಾರೆ. ಹೆಚ್ಚಿನವರು ಗೆಳೆಯನ ಜೊತೆ ಹೋಗುವವರು. ಕುಷ್ಟಗಿ ಕಡೆಯ ನನ್ನ ರೈತ ಗೆಳೆಯನೊಬ್ಬನನ್ನು ಕಟ್ಟಿಕೊಂಡು ನಾನೂ ಹೋಗಿಬಂದಿದ್ದೇನೆ. ಅಂಗಡಿಯಲ್ಲಿ ಕೂತು ಗಿರಾಕಿಗಳಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಜೊತೆಗೆ ಯಾರನ್ನು ಕರೆದುಕೊಂಡು ಹೋಗಬೇಕು ಎಂಬುದು ಎಲ್ಲಕ್ಕಿಂತ ಮೊದಲಿನ ಮಾತು. ಹುರುಪಿನ ಗೆಳೆಯ ಬೇಡ, ಸುಮ್ಮನೆ ಕೂಡಲು ಬರುವವನು ಬೇಕು. ಗೋವಾದಲ್ಲಿ ಬೇಸರ ಬಂದರೆ ಬಸ್ಸು ಹತ್ತಿ ಊರಿಗೆ ಬರಬಹುದು. ದ್ವೀಪದಲ್ಲಿ ದೋಣಿ ಬರುವ ತನಕ ನೀವಿಬ್ಬರೇ. ಬಂದರುಕಟ್ಟೆಯ ಮೇಲೆ ಮೂರು ತಾಸು ಕಾಯುವುದು ಅಲ್ಲಿ ಮಾಮೂಲು. ಆ ಮೂರು ತಾಸು "ಮುಂದೇನು, ಮುಂದೇನು" ಎಂದು ಜೀವ ತಿನ್ನುವವನಿದ್ದರೆ ಸಮುದ್ರ ಎಷ್ಟು ನೀಲಿ ಇದ್ದರೇನು?

ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡೆಯನ್ನು ಅದರ ಹಳೆಯ ದಿನಗಳಲ್ಲಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಂಪಿಯ ಎದುರು ದಂಡೆಗೆ ತುಂಗಭದ್ರೆಯ ಕವಲುಗಳ ನಡುವೆ ಇರುವ ಆ ಗಡ್ಡೆಯಲ್ಲಿ ವಿದೇಶಿಯರು ವಾರಗಟ್ಟಲೆ ಬಿದ್ದುಕೊಂಡಿರುತ್ತಿದ್ದರು. "ಇವ್ರಿಗೆ ಕೆಲಸ ಬೊಗಸಿ ಇಲ್ಲೇನು" ಎಂದು ನಮ್ಮವರು ನಗುತ್ತಿದ್ದರು. ಸಂಜೆಯ ಕೊನೆಯ ದೋಣಿ ಹೋಯಿತೆಂದರೆ ಹಂಪಿಗೆ ರಸ್ತೆಯ ಮೇಲೆ ದೂರದ ಸುತ್ತು. ಅವರಿಗೆ ಅದರ ಚಿಂತೆಯೇ ಇರಲಿಲ್ಲ, ಬೆಳಿಗ್ಗೆ ಮತ್ತೆ ದೋಣಿ ಇದ್ದೇ ಇತ್ತು. ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಹೈಕೋರ್ಟಿನ ಆದೇಶವನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಅಲ್ಲಿನ ರೆಸಾರ್ಟುಗಳನ್ನು ಕೆಡವಿದರು. ಪಾರಂಪರಿಕ ತಾಣದಲ್ಲಿ ಹಾಗೆ ಕಟ್ಟಿದ್ದು ತಪ್ಪು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಡುಗಡ್ಡೆಯಲ್ಲಿ ಹೇಗೆ ಇರಬೇಕು ಎಂಬುದನ್ನು ಮಾತ್ರ ಆ ಮಂದಿ ನಮ್ಮ ಬಾಗಿಲಿಗೇ ಬಂದು ತೋರಿಸಿ ಹೋದರು.

2. ಅನುಮಾನವಿದ್ದರೆ ಗೆಳೆಯನನ್ನು ಮೊದಲು ಮಲ್ಪೆಗೆ ಕರೆದೊಯ್ಯಿರಿ. ಅಲ್ಲಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಒಂದು ಹೊತ್ತಿನ ಪ್ರಯಾಣ. ರಾತ್ರಿ ಉಳಿಯಲು ಬಿಡುವುದಿಲ್ಲ, ಮಳೆಗಾಲದಲ್ಲಿ ದೋಣಿಯೂ ಇಲ್ಲ. ಕಂಬ ಜೋಡಿಸಿಟ್ಟಂತಿರುವ ಅಲ್ಲಿನ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಕಡಿದುಕೊಂಡು ಹೋಗುವ ಕಾಲಕ್ಕೆ ಉಕ್ಕಿದ ಲಾವಾ ಆರಿ ಆದವು. ನೆರಳು ಕಡಿಮೆ, ಬಿಸಿಲು ಜಾಸ್ತಿ. ಅಷ್ಟು ಹೊತ್ತನ್ನು ಗೊಣಗದೆ ಕಳೆದವನನ್ನು ದೂರದ ದ್ವೀಪಕ್ಕೂ ಕರೆದೊಯ್ಯಬಹುದು. ನೀರಿನ ಒಳಗಿಳಿಯುವ ಆಸೆ ಇದ್ದರೆ ಮುರುಡೇಶ್ವರದಿಂದ ನೇತ್ರಾಣಿ ಇದೆ, ಅಲ್ಲಿ ಸ್ಕೂಬಾ ಮಾಡಿಸುತ್ತಾರೆ. ನಮ್ಮೂರಿನವರಿಗೆ ಕರಾವಳಿಯ ದಾರಿ ಹೊಸದಲ್ಲ. ಅಂಕೋಲಾದಿಂದ ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಹೊಸಪೇಟೆಗೆ ಹೋಗುತ್ತಿದ್ದ ಹಳೆಯ 63ನೇ ಹೆದ್ದಾರಿಯಲ್ಲಿ ಬೇಲೆಕೇರಿಗೆ ಅದಿರು ಹೊತ್ತ ಲಾರಿಗಳ ಸಾಲು ಹೋಗುವುದನ್ನು ಕಂಡವರು ನಾವು. ಅವುಗಳ ಧೂಳು ತಿಂದವರು ಒಮ್ಮೆಯಾದರೂ ಆ ದಾರಿಯ ತುದಿಯಲ್ಲಿರುವ ಸಮುದ್ರ ನೋಡಬೇಕು.

3. ಕಾಲ. ಅಂಡಮಾನಿಗೆ ನವೆಂಬರಿನಿಂದ ಏಪ್ರಿಲ್ ಒಳ್ಳೆಯದು ಎನ್ನುತ್ತಾರೆ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಚಂಡಮಾರುತದ ಕಾಟ ಇರುತ್ತದೆ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ, ಕೊಪ್ಪಳ ಸೀಮೆಯವರು ತೇರು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಹೋಗಲೂಬಾರದು. ಆದ್ದರಿಂದ ನಾನು ಫೆಬ್ರುವರಿಗೆ ಮಾಡಿಕೊಡುತ್ತೇನೆ. ಮೇ ತಿಂಗಳಲ್ಲಿ ಮಕ್ಕಳಿಗೆ ಸೂಟಿ ಇದೆ ಎಂದು ಕೇಳುವವರಿಗೆ ಒಂದು ಮಾತು: ಮುಂಗಾರು ಕೇರಳಕ್ಕಿಂತ ಮೊದಲು ಅಂಡಮಾನಿಗೆ ಕಾಲಿಡುತ್ತದೆ, ಮೇ ಮೂರನೇ ವಾರದ ಹೊತ್ತಿಗೆ. ವರ್ಷಕ್ಕೆ ಆರುನೂರು ಮಿಲಿಮೀಟರ್ ಆಸುಪಾಸಿನ ಮಳೆಯಲ್ಲಿ ಬದುಕುವ ನಮಗೆ ಮೂರು ಸಾವಿರದ ಮಳೆ ಹೇಗಿರುತ್ತದೆ ಎಂಬ ಅಂದಾಜೇ ಇಲ್ಲ.

4. ದಾರಿಯಲ್ಲಿ ಬಿಡುವು ಇಟ್ಟುಕೊಳ್ಳಿ. ಹೆಚ್ಚು ದುಡ್ಡು ಹಾಳಾಗುವುದು ಇಲ್ಲಿಯೇ, ಅದಕ್ಕೇ ಇದನ್ನು ಉದ್ದಕ್ಕೆ ಹೇಳುತ್ತೇನೆ.

ನಮ್ಮ ಪಕ್ಕದ ಬಸಾಪುರದಲ್ಲಿ ವಿಮಾನ ಇಳಿಯುವ ಖಾಸಗಿ ಪಟ್ಟಿ ಇದೆ, ಆದರೆ ನಮ್ಮಂಥವರಿಗೆ ಅಲ್ಲಿಂದ ವಿಮಾನವಿಲ್ಲ. ಕೊಪ್ಪಳದಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಗುಂತಕಲ್ ಮೇಲೆ ಸುತ್ತಿ ಬೆಳಿಗ್ಗೆ ಬೆಂಗಳೂರು. ಅದೇ ಬೆಳಿಗ್ಗೆಯ ವಿಮಾನ ಹಿಡಿಯುತ್ತೇನೆ ಎನ್ನುವವರಿಗೆ ನಾನು ಟಿಕೆಟ್ ಮಾಡುವುದಿಲ್ಲ, ಜಗಳವಾಡಿದರೂ ಮಾಡುವುದಿಲ್ಲ. ರೈಲು ಎರಡು ತಾಸು ತಡವಾದರೆ ದೇವನಹಳ್ಳಿಗೆ ಮುಟ್ಟುವ ಹೊತ್ತಿಗೆ ವಿಮಾನ ಮೇಲಿರುತ್ತದೆ. ಹಿಂದಿನ ದಿನ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಮಲಗಿ. ಚೆನ್ನೈನಿಂದ ಹಡಗೂ ಇದೆ, ಮೂರು ದಿನದ ಹಾದಿ. ಹೊಟ್ಟೆ ಗಟ್ಟಿ ಇದ್ದವರಿಗೆ ಮಾತ್ರ.

ಇನ್ನು ಬರುವಾಗಿನ ಮಾತು. ವಿಮಾನ ಹತ್ತುವ ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಖಾಸಗಿ ಫೆರ್ರಿ ಒಂದೂವರೆ ತಾಸಿನದು, ಸರಕಾರಿಯದು ಎರಡೂವರೆ ತಾಸಿನ ಆಸುಪಾಸು. ಗಾಳಿ ಎದ್ದರೆ ಎರಡೂ ನಿಲ್ಲುತ್ತವೆ. ಆದ್ದರಿಂದ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು. "ಹ್ಯಾವ್‌ಲಾಕಿನ್ಯಾಗ ಇನ್ನೊಂದಿನ ಇರೋಣು, ವಿಮಾನದ ದಿನಾನ ಬಂದ್ರಾತು" ಎನ್ನುವ ಗೆಳೆಯ ಎಲ್ಲರಿಗೂ ಇರುತ್ತಾನೆ. ಅವನ ಮಾತು ಕೇಳಬೇಡಿ. ಹೆಸರುಗಳೂ ಗೊತ್ತಿರಲಿ: 2018ರ ಡಿಸೆಂಬರಿನಿಂದ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ, 2024ರ ಸೆಪ್ಟೆಂಬರಿನಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯ ಪುರಂ ಎಂದು ಘೋಷಣೆಯಾಯಿತು. ಟಿಕೆಟ್ಟಿನಲ್ಲಿ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು ಎಂದು ಗಾಬರಿಯಾಗಬೇಡಿ.

5. ಹೊತ್ತಿನ ಲೆಕ್ಕ ಅಲ್ಲಿ ಬೇರೆ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಬೇಗ. ಗಿಣಿಗೇರಾ 76 ಡಿಗ್ರಿ ರೇಖಾಂಶದ ಹತ್ತಿರ, ಪೋರ್ಟ್ ಬ್ಲೇರ್ 92 ದಾಟಿ ಇದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಒಂದು ತಾಸಿಗೂ ಮೇಲೆ ಅಂತರ ಬೀಳುತ್ತದೆ. ಫೆಬ್ರುವರಿಯಲ್ಲೂ ಸಂಜೆ ಆರರೊಳಗೆ ಕತ್ತಲು. ಹನ್ನೊಂದಕ್ಕೆ ಎದ್ದು ಉಂಡು ಹೊರಡುವವರಿಗೆ ದಿನ ಅರ್ಧವೇ ಸಿಗುತ್ತದೆ. ಆರರ ಪಾಳಿಗೆ ಹೋಗಿ ರೂಢಿ ಇದ್ದ ಕಾರ್ಖಾನೆಯವರಿಗೆ ಈ ಒಂದು ವಿಷಯದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗರಿಗಿಂತ ಲಾಭ.

6. ಅಮಾವಾಸ್ಯೆ, ಹುಣ್ಣಿಮೆ ನೋಡಿಕೊಂಡು ಹೋಗಿ. ಮುಹೂರ್ತಕ್ಕಲ್ಲ, ನೀರಿಗೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ತಾಸು, ದಿನದಿಂದ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದಕ್ಕೆ. ಅಮಾವಾಸ್ಯೆ ಹುಣ್ಣಿಮೆಗೆ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಹೊತ್ತಿಗೆ ಕಡಿಮೆ. ನೀಲ್ ದ್ವೀಪದ ಲಕ್ಷ್ಮಣಪುರದಲ್ಲಿರುವ ಕಲ್ಲಿನ ಸಹಜ ಸೇತುವೆಗೆ ಇಳಿತದಲ್ಲಿ ನಡೆದು ಹೋಗಬಹುದು, ಉಬ್ಬರದಲ್ಲಿ ದೂರದಿಂದ ಕೈಮುಗಿಯಬಹುದು. ಗೆಳೆಯ ಊರಿಂದ ತಿಥಿ ಇರುವ ಕ್ಯಾಲೆಂಡರಿನ ಹಾಳೆ ಹರಿದು ತಂದಿದ್ದ; ಹೋಟೆಲಿನ ಹುಡುಗನ ಮೊಬೈಲಿನ ಪಟ್ಟಿಗೂ ಅದಕ್ಕೂ ತಾಳೆಯಾಯಿತು.

ನೀರು ಇಳಿದಾಗ ಹವಳದ ಕಲ್ಲಿನ ನಡುವೆ ಮೊಣಕೈ ಉದ್ದದ ಗುಂಡಿಗಳು ಉಳಿಯುತ್ತವೆ. ಒಂದರಲ್ಲಿ ಕಪ್ಪು ಸಮುದ್ರ ಸೌತೆ ಬಿದ್ದುಕೊಂಡಿತ್ತು, ಬೆರಳುಗಾತ್ರದ ನೀಲಿ ಮೀನುಗಳು ನೆರಳು ಬಿದ್ದ ಕೂಡಲೇ ಬಿರುಕಿನೊಳಗೆ ಹೋಗುತ್ತಿದ್ದವು. ನೋಡಬೇಕೆಂದರೆ ಕುಕ್ಕರಗಾಲಲ್ಲಿ ಕೂತು ಕಾಯಬೇಕು. ಗೈಡು ಸೌತೆಯನ್ನು ಎತ್ತಿ ಫೋಟೊಕ್ಕೆ ಹಿಡಿದಾಗ ಗೆಳೆಯ "ಇಡಪ್ಪ, ಅದರ ಮನೀಗೆ ಬಂದೀವಿ ನಾವು" ಎಂದ. ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಳ್ಳಬೇಡಿ, ಪಾಚಿ ಕಲ್ಲಿನ ಮೇಲೆ ಜಾರುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬೇಕು.

7. ಅರ್ಧ ದಿನ ಬೇರೆಯಾಗಿರಿ. ಜೊತೆಗೆ ಬಂದದ್ದಕ್ಕೆ ಅಂಟಿಕೊಂಡೇ ಇರಬೇಕೆಂದಿಲ್ಲ. ನಾನು ನೀರಿಗಿಳಿದರೆ ಗೆಳೆಯ "ನೀ ಬೀಳು ನೀರಾಗ, ನಾ ಊರು ನೋಡ್ಕೊಂಡು ಬರ್ತೀನಿ" ಎಂದು ಸೈಕಲ್ ಬಾಡಿಗೆ ಹಿಡಿದ. ಹೋಗಿ ನಿಂತದ್ದು ಒಂದು ಬದನೆ ಹೊಲದಲ್ಲಿ. ನೀಲ್ ದ್ವೀಪ ತರಕಾರಿಗೆ ಹೆಸರಾದದ್ದು. ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಅಂಡಮಾನಿನ ಇಂಥ ದ್ವೀಪಗಳಲ್ಲಿ ನೆಲೆಗೊಳಿಸಿದರು. ನಮ್ಮ ಪಕ್ಕದ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ಇರುವವರೂ ಪೂರ್ವ ಬಂಗಾಳದಿಂದಲೇ ಬಂದವರು. ಗೆಳೆಯ ಆ ಕ್ಯಾಂಪುಗಳ ಸಂತೆ ಕಂಡವನು. ಬರುವ ನಾಲ್ಕು ಹಿಂದಿ ಮಾತಿನಲ್ಲಿ ಅದನ್ನು ಹೇಳಿದ್ದಕ್ಕೆ ಹೊಲದ ಯಜಮಾನ ಎಳನೀರು ಕೊಟ್ಟು ಕೂಡಿಸಿಕೊಂಡನಂತೆ. ಇಬ್ಬರೂ ಬದನೆಯ ಕಾಯಿಕೊರಕದ ಬಗ್ಗೆ ಎರಡು ತಾಸು ಮಾತಾಡಿದರು. ಅವತ್ತು ಸಂಜೆ ನನ್ನ ಮೀನಿನ ಕಥೆಗಿಂತ ಅವನ ಹೊಲದ ಕಥೆಯೇ ಚೆನ್ನಾಗಿತ್ತು, ಒಪ್ಪಿಕೊಳ್ಳಲೇಬೇಕು.

8. ದುಡ್ಡು. ಹೊರಡುವಾಗಲೇ ಇಬ್ಬರೂ ಸಮ ಹಾಕಿ ಒಂದು ಚೀಲ ಮಾಡಿ. ಊಟ, ರೂಮು, ಫೆರ್ರಿ ಅದರಿಂದ. ಸ್ಕೂಬಾ, ಬಿಯರು, ಹೆಂಡತಿಗೆ ಮುತ್ತಿನ ಸರ ಅವರವರ ಜೇಬಿನಿಂದ. ನೆಟ್‌ವರ್ಕ್ ಕೈಕೊಡುವ ಜಾಗಗಳಿವೆ, ನಗದು ಇರಲಿ.

9. ಸ್ಕೂಬಾಕ್ಕೆ ಈಜು ಬರಲೇಬೇಕೆಂದಿಲ್ಲ, ಕಲಿಸುವವನು ಹಿಡಿದುಕೊಂಡೇ ಇರುತ್ತಾನೆ. ಬಾವಿಯಲ್ಲಿ, ಕಾಲುವೆಯಲ್ಲಿ ಈಜು ಕಲಿತ ನಮ್ಮವರ ಧಿಮಾಕೇ ಇಲ್ಲಿ ಅಪಾಯ. ಅಲೆಗೆ ಅದು ಗೊತ್ತಾಗುವುದಿಲ್ಲ. ನೆಗಡಿ ಇದ್ದರೆ ಇಳಿಯಬೇಡಿ, ಕಿವಿಯೊಳಗಿನ ಒತ್ತಡ ಸರಿಹೋಗುವುದಿಲ್ಲ. ಆಸ್ತಮಾ, ಬಿಪಿ ಇದ್ದರೆ ಫಾರ್ಮಿನಲ್ಲಿ ಮುಚ್ಚಿಡಬೇಡಿ. ಇನ್ನೊಂದು, ಟಿಕೆಟ್ ಮಾಡುವವನಾಗಿ ನಾನು ಕೇಳಿಯೇ ತೀರುವುದು: ಯಾವ ದಿನ ಡೈವ್? ನೀರಿನಡಿಯ ಒತ್ತಡದಲ್ಲಿ ರಕ್ತದೊಳಗೆ ಕರಗಿದ ಸಾರಜನಕ, ವಿಮಾನ ಮೇಲೇರಿ ಒತ್ತಡ ಇಳಿದಾಗ ಗೋಲಿ ಸೋಡಾ ಒಡೆದಂತೆ ಗುಳ್ಳೆಯಾಗಬಹುದು. ಒಂದು ಡೈವಿಗೆ ಕನಿಷ್ಠ 12 ತಾಸು, ಹಲವು ಮಾಡಿದರೆ 18 ತಾಸು ಬಿಟ್ಟು ಹಾರಬೇಕೆಂಬ ಲೆಕ್ಕವಿದೆ. ನಾನು 24 ಎಂದೇ ಹಿಡಿಯುತ್ತೇನೆ.

10. ಬುತ್ತಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಒಯ್ಯಿರಿ. ಆದರೆ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಬೇಡಿ. ನಮ್ಮ ಒಣ ಹವೆಯಲ್ಲಿ ತಿಂಗಳು ಕಟಕಟ ಎನ್ನುವ ರೊಟ್ಟಿ ಅಲ್ಲಿ ಮರುದಿನವೇ ಚರ್ಮದಂತೆ ಜಗ್ಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಆಗಬೇಕು. ಒಬ್ಬ ಸಸ್ಯಾಹಾರಿ, ಒಬ್ಬ ಮೀನು ತಿನ್ನುವವನಾದರೆ ಜಗಳವಿಲ್ಲ, ಅಲ್ಲಿ ತಮಿಳರ ಹೋಟೆಲುಗಳೂ ಇವೆ.

11. ಪೋರ್ಟ್ ಬ್ಲೇರಿನ ಸೆಲ್ಯುಲರ್ ಜೈಲಿಗೆ ಒಂದು ಪೂರ್ತಿ ಸಂಜೆ ಇಡಿ, ಸೆಲ್ಫಿಗೆ ಹತ್ತು ನಿಮಿಷ ಎಂದಲ್ಲ. 1896ರಿಂದ 1906ರವರೆಗೆ ಕಟ್ಟಿದ ಅದರ ಏಳು ರೆಕ್ಕೆಗಳಲ್ಲಿ ಮೂರು ಉಳಿದಿವೆ. ಜೈಲಿಗೂ ಮೊದಲೇ, 1858ರ ಮಾರ್ಚ್‌ನಲ್ಲಿ, ಬ್ರಿಟಿಷರು ಬಂಡಾಯದ ಕೈದಿಗಳನ್ನು ಹಡಗಿನಲ್ಲಿ ಅಲ್ಲಿಗೆ ತಂದು ಇಳಿಸತೊಡಗಿದ್ದರು. ಬ್ರಿಟಿಷರ ವಿರುದ್ಧ ಬಂಡೆದ್ದ ಮುಂಡರಗಿ ಭೀಮರಾಯ ನಮ್ಮ ಕೊಪ್ಪಳದ ಕೋಟೆಯಲ್ಲಿ ಕಾದಿ ಮಡಿದದ್ದೂ ಅದೇ ವರ್ಷ. ಕೊಪ್ಪಳದವರು ಜೈಲಿನ ಆ ಓಣಿಗಳಲ್ಲಿ ನಡೆಯುವಾಗ ಇದು ತಲೆಯಲ್ಲಿರಲಿ.

12. ಶಂಖ, ಹವಳ, ಚಿಪ್ಪು ದಂಡೆಯಿಂದ ಆರಿಸಿ ತರಬೇಡಿ. ಹವಳಕ್ಕೂ ಹಲವು ಬಗೆಯ ಶಂಖಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಚೀಲ ತೆಗೆಸುತ್ತಾರೆ. ದೇವರ ಜಗಲಿಗೆ ಬೇಕೇ ಬೇಕೆಂದರೆ ಸರಕಾರಿ ಮಳಿಗೆಯಲ್ಲಿ ಕೊಂಡು ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ. ಬಾರಾಟಾಂಗ್ ದಾರಿಯಲ್ಲಿ ಜಾರವಾ ಬುಡಕಟ್ಟಿನ ಜನರ ಫೋಟೊ ತೆಗೆಯುವುದು ಅಪರಾಧ. ಅಪರಾಧ ಅಲ್ಲದಿದ್ದರೂ ತೆಗೆಯಬಾರದು.

13. ಊರು ಮುಟ್ಟಿದ ದಿನವೇ ರಾತ್ರಿ ಪಾಳಿಗೆ ಹೆಸರು ಕೊಡಬೇಡಿ, ಒಂದು ರಜೆ ಹೆಚ್ಚಿಗೆ ಬರೆಸಿ. ಗೆಳೆಯ ಈಗ ಲಕ್ಷದ್ವೀಪ ಎನ್ನುತ್ತಿದ್ದಾನೆ. ಅಲ್ಲಿನ ಕಾನೂನು ಬೇರೆ. 36 ದ್ವೀಪಗಳಲ್ಲಿ ಜನವಸತಿ ಇರುವುದು ಹತ್ತರಲ್ಲಿ, ಪರವಾನಗಿ ಇಲ್ಲದೆ ಕಾಲಿಡುವಂತಿಲ್ಲ, ಮದ್ಯಕ್ಕೆ ಕಟ್ಟುಪಾಡು ಇದೆ, ಹಡಗು ಕೊಚ್ಚಿಯಿಂದ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂದು ಹೇಳಿದ ಮೇಲಂತೂ "ಹಂಗಾರ ನಮ್ಮವ ಅವು" ಎಂದು ಹಟ ಹಿಡಿದಿದ್ದಾನೆ. ಪರವಾನಗಿ ಮೊದಲು, ಟಿಕೆಟ್ ಆಮೇಲೆ ಎಂಬುದು ನನ್ನ ಷರತ್ತು. ತೊಗರಿ ರಾಶಿ ಮುಗಿಯುವ ತನಕ ತಾರೀಖು ಕೇಳಬಾರದು ಎಂಬುದು ಅವನದು.