ಪಂಚಾಯಿತಿ ದುಡ್ಡು ನಮ್ಮ ಶಾಖೆಗೆ ಬಂದಾಗ

ಮೂಡಿಗೆರೆ, ಕಳಸ ಕಡೆಯ ಬ್ಯಾಂಕ್ ಶಾಖೆಗಳಲ್ಲಿ ಮ್ಯಾನೇಜರ್ ಆಗಿದ್ದೆ. ಸಣ್ಣವರಿಗೆ ಹೆಚ್ಚು ಸಾಲ ಕೊಡುವ ಬ್ಯಾಂಕಿಗೇ ಸರ್ಕಾರದ ಠೇವಣಿ ಸಿಗಬೇಕು ಎಂದು ಸಭೆಗಳಲ್ಲಿ ಯಾರಾದರೂ ಹೇಳಿದಾಗಲೆಲ್ಲ ತಲೆಯಾಡಿಸಿದ್ದೇನೆ. ಈಗಲೂ ಅದನ್ನು ಒಪ್ಪುತ್ತೇನೆ. ನಾನು ಎಡವಿದ್ದು ಎಲ್ಲಿ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ.

1. ಠೇವಣಿ ಬಂದ ಮಾತ್ರಕ್ಕೆ ಸಾಲ ಬರುವುದಿಲ್ಲ

ಪಂಚಾಯಿತಿ ಖಾತೆಗಳಿಗಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ (ಪಿಡಿಒ) ಕಚೇರಿಗೆ ಎಷ್ಟೋ ಸಲ ಅಲೆದೆ. ಕೊನೆಗೂ ಖಾತೆ ಬಂತು. ಮಾರ್ಚಿನಲ್ಲಿ ತುಂಬಿದ ಹಣ ಮಳೆ ಹಿಡಿಯುವಷ್ಟರಲ್ಲಿ ಕಾಮಗಾರಿ ಬಿಲ್ಲುಗಳಿಗೆ ಖಾಲಿಯಾಯಿತು. ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರ್ನಾಲ್ಕು ವರ್ಷ ಬೇಕು. ಎರಡು ತಿಂಗಳು ನಿಲ್ಲುವ ದುಡ್ಡನ್ನು ನಂಬಿ ಅಷ್ಟು ದಿನದ ಸಾಲ ಕೊಡುವುದು ಹೇಗೆ? ಕೆಲವು ವರ್ಷ ತೆಗೆಯದ ಅವಧಿ ಠೇವಣಿ ಕೊಡಿ ಎಂದು ನಾನು ಕೇಳಲೇ ಇಲ್ಲ.

2. ಶೇಕಡಾ ಲೆಕ್ಕದ ಹಿಂದೆ ಅಡಗಿಕೊಂಡೆ

ಗ್ರಾಮೀಣ ಮತ್ತು ಅರೆಪಟ್ಟಣದ ಶಾಖೆಗಳು ಒಟ್ಟಾರೆ 100 ರೂಪಾಯಿ ಠೇವಣಿಗೆ 60 ರೂಪಾಯಿಯಾದರೂ ಸಾಲ ಕೊಟ್ಟಿರಬೇಕು ಎನ್ನುವುದು ರಿಸರ್ವ್ ಬ್ಯಾಂಕಿನ ನಿರೀಕ್ಷೆ. ಅದು 40ಕ್ಕಿಂತ ಕೆಳಗಿಳಿದ ಜಿಲ್ಲೆಯಲ್ಲಿ ವಿಶೇಷ ಉಪಸಮಿತಿ ಕೂರುತ್ತದೆ. ಕಾಫಿ ಸೀಮೆಯಲ್ಲಿ ಆ ಗೆರೆ ದಾಟುವುದು ಕಷ್ಟವಲ್ಲ. ನಾಲ್ಕು ದೊಡ್ಡ ಎಸ್ಟೇಟುಗಳ ಸಾಲಕ್ಕೆ ಒಂದಿಷ್ಟು ಒಡವೆ ಸಾಲ ಸೇರಿದರೆ ಸಾಕು. ಹೊಸ ಸಾಲ ವಿತರಣೆಯ ಗುರಿ ಮುಟ್ಟದಿದ್ದಾಗ ಹಳೆ ಸಾಲವನ್ನು ಒಂದು ದಿನಕ್ಕೆ ಕಟ್ಟಿಸಿಕೊಂಡು ಮರುದಿನ ಹೊಸ ಸಾಲ ಎಂದು ಬರೆದೆ. ಎರಡು ಎಕರೆಯ ಬೆಳೆಗಾರರೊಬ್ಬರು ಹಾಗೆ ಕಟ್ಟಲು ಬಂದಾಗ ನೋಟಿನ ಕಟ್ಟಿಗೆ ಕಾಫಿ ವ್ಯಾಪಾರಿಯ ಚೀಟಿ ಸಿಕ್ಕಿಸಿಕೊಂಡೇ ಇತ್ತು. ಆ ಒಂದು ದಿನಕ್ಕಾಗಿ, ಬರುವ ಫಸಲನ್ನು ಒಪ್ಪಿಸುತ್ತೇನೆಂದು ಮಾತು ಕೊಟ್ಟು ತಂದ ಮುಂಗಡ ಅದು. “ಲೆಕ್ಕ ಸರಿಯಾಯ್ತಲ್ಲ ಸಾರ್?” ಎಂದರು. ಚೀಟಿ ಕಂಡೂ ನೋಟು ಎಣಿಸಿಕೊಂಡೆ. ವರದಿಯಲ್ಲಿ ಅದು ಸಾಧನೆಯಾಗಿ ಹೋಯಿತು.

3. ಪಹಣಿ ಇಲ್ಲದವರನ್ನು ಬಾಗಿಲಿನಿಂದಲೇ ಕಳಿಸಿದೆ

ಬಗರ್‌ಹುಕುಂ (ಹಕ್ಕುಪತ್ರವಿಲ್ಲದೆ ಸಾಗುವಳಿ ಮಾಡುತ್ತಿರುವ ಸರ್ಕಾರಿ) ಜಮೀನಿನ ಸಕ್ರಮಕ್ಕಾಗಿ ನಮೂನೆ 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವವರು ನಮ್ಮಲ್ಲಿ ಬಹಳ. ಅವರ ಕಾಫಿ ಮಾರುಕಟ್ಟೆಗೆ ಹೋಗುತ್ತದೆ, ಹೆಸರು ಮಾತ್ರ ಪಹಣಿಗೆ ಬರುವುದಿಲ್ಲ. ಪಹಣಿಯೇ ಭದ್ರತೆ ಎಂದು ನಂಬಿ ಅವರನ್ನು ವಾಪಸು ಕಳಿಸುತ್ತಿದ್ದೆ. ಆದರೆ 2019ರ ಆಗಸ್ಟ್‌ನಲ್ಲಿ ನಮ್ಮ ಕಡೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಕುಸಿದಾಗ ಪಹಣಿ ಇದ್ದವರ ಜಮೀನೂ ಉಳಿಯಲಿಲ್ಲ. ಜಮೀನು ಕೇಳದೆ ಸಾಲ ಕೊಡುವ ದಾರಿಯಾಗಿ ಮಹಿಳಾ ಸ್ವಸಹಾಯ ಸಂಘಗಳು ಮೊದಲಿನಿಂದಲೂ ಇದ್ದವು. ಆ ಕಡೆ ತಿರುಗಿ ನೋಡಲು ನಾನು ತಡಮಾಡಿದೆ.

4. ಸರ್ಕಾರದ ಕೈಯಲ್ಲಿ ಬಲವಿದೆ

2024ರ ಆಗಸ್ಟ್‌ನಲ್ಲಿ, ವಾಪಸು ಬಾರದ ಠೇವಣಿಗಳ ಕಾರಣಕ್ಕೆ ಎಸ್‌ಬಿಐ ಮತ್ತು ಪಿಎನ್‌ಬಿಯಲ್ಲಿದ್ದ ಹಣ ಹಿಂಪಡೆಯಿರಿ ಎಂದು ರಾಜ್ಯ ಸರ್ಕಾರ ಇಲಾಖೆಗಳಿಗೆ ಸುತ್ತೋಲೆ ಕಳಿಸಿತು. ಬ್ಯಾಂಕುಗಳು ಕೂಡಲೇ ಮಾತುಕತೆಗೆ ಬಂದವು, ಆದೇಶ ಕೆಲವೇ ದಿನಗಳಲ್ಲಿ ತಡೆಹಿಡಿಯಲ್ಪಟ್ಟಿತು. ಸುದ್ದಿ ಓದಿದಾಗ ನನ್ನ ಸಭೆಗಳು ನೆನಪಾದವು. ಠೇವಣಿ ಇಡುವ ಮುನ್ನ ಸರ್ಕಾರ ಇದೇ ಬಲದಿಂದ ಒಂದು ಪ್ರಶ್ನೆ ಕೇಳಬಹುದಿತ್ತು: ಈ ವರ್ಷ ಮೊದಲ ಸಲ ಸಾಲ ಪಡೆದವರು ಎಷ್ಟು ಮಂದಿ? ಆ ಸಭೆಗಳ ವರದಿ ಹಾಳೆಗಳಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಸೇರಿಸಿ ಎಂದು ನಾನೂ ಎದ್ದು ಹೇಳಲಿಲ್ಲ.